ಥೇಮ್ಸ್ ದಂಡೆಯ ಬಸವಣ್ಣ, ಕೆನ್ಸಿಂಗ್ಟನ್ನಿನ ಹುಲಿ

ಸುಮಾರು 1520ರ ಹೊತ್ತಿಗೆ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಗುಡ್ಡವೊಂದನ್ನು ಹತ್ತಿ ಊರಿನ ಉದ್ದಗಲ ನೋಡಿದ. ಬೆಟ್ಟಗಳ ಮರೆಯಲ್ಲಿ ಎಲ್ಲವೂ ಕಾಣಲಿಲ್ಲ. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದಿದೆ ಎಂದು ಬರೆದಿಟ್ಟ. ಯುರೋಪಿನವರು ರಾಜಧಾನಿಯ ವೈಭವ ನೋಡಲು ತುಂಗಭದ್ರೆಯ ದಂಡೆಗೆ ಬರುತ್ತಿದ್ದ ಕಾಲ ಅದು. ಈಗ ದಾರಿ ತಿರುವುಮುರುವಾಗಿದೆ. ಬಳ್ಳಾರಿಯಿಂದಷ್ಟೇ ಅಲ್ಲ, ಬಾದನಹಟ್ಟಿ, ಕುರುಗೋಡು, ಸಿರುಗುಪ್ಪದಂಥ ಊರುಗಳಿಂದಲೂ ಮಕ್ಕಳು ಓದಿಗೋ ಸಾಫ್ಟ್‌ವೇರ್ ಕೆಲಸಕ್ಕೋ ಹೊರದೇಶಕ್ಕೆ ಹೋಗುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಅಪ್ಪ–ಅಮ್ಮನಿಗೆ ಟಿಕೆಟ್ ಬರುತ್ತದೆ. ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಂಡು ಹಿರಿಯರು ಲಂಡನ್ನಿಗೆ ಹೊರಡುತ್ತಾರೆ.

ಅಲ್ಲಿ ಅವರಿಗೆ ಏನು ತೋರಿಸುತ್ತಾರೆ? ಬಿಗ್ ಬೆನ್ ಗಡಿಯಾರ, ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಪಹರೆ ಬದಲಾಗುವ ಕವಾಯತು, ಲಂಡನ್ ಐ ಎಂಬ ದೊಡ್ಡ ತಿರುಗುಚಕ್ರ, ಮೇಡಮ್ ಟುಸ್ಸಾಡ್ಸ್‌ನಲ್ಲಿ ಮೇಣದ ಶಾರುಖ್ ಖಾನ್. ಪ್ರವಾಸ ಕಂಪನಿಯ ಬಸ್ಸಾದರೂ ಅಷ್ಟೇ, ಮಗನ ಕಾರಾದರೂ ಅಷ್ಟೇ. ಇವು ನೋಡಬಾರದವೇನಲ್ಲ. ಆದರೆ ಅದೇ ಊರಿನ ಮ್ಯೂಸಿಯಂಗಳಲ್ಲಿ, ಸ್ಮಶಾನಗಳಲ್ಲಿ, ಒಂದು ಸಂಗೀತ ಭವನದಲ್ಲಿ ಕನ್ನಡ ನಾಡಿನ ಕತೆಯ ತುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಅವನ್ನು ಹುಡುಕಿಕೊಂಡು ಓಡಾಡಿದರೆ ಲಂಡನ್ ಬೇರೆಯದೇ ಊರಾಗಿ ಕಾಣುತ್ತದೆ. ಖರ್ಚೂ ಕಡಿಮೆ. ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಪ್ರದರ್ಶನಕ್ಕೆ ಟಿಕೆಟ್ಟೇ ಇಲ್ಲ.

ಮೊದಲು ಹುಲಿ. ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಜನರ ಬಾಯಲ್ಲಿ ‘ವಿ ಅಂಡ್ ಎ’, ಅಲಂಕಾರ ಕಲೆಗಳ ಭಂಡಾರ. ಸೀರೆಯಂಚಿನಿಂದ ಹಿಡಿದು ಸಿಂಹಾಸನದವರೆಗೆ ಏನುಂಟು ಏನಿಲ್ಲ! ಅದರ ಸಂಗ್ರಹದಲ್ಲೇ ಬಹಳ ಹೆಸರುವಾಸಿಯಾದ ವಸ್ತುಗಳಲ್ಲಿ ಒಂದು ಟಿಪ್ಪು ಸುಲ್ತಾನನ ಹುಲಿ. ಸುಮಾರು 172 ಸೆಂಟಿಮೀಟರ್ ಉದ್ದದ ಮರದ ಹುಲಿ, ಮೈತುಂಬ ಪಟ್ಟೆ, ಅಂಗಾತ ಬಿದ್ದ ಯುರೋಪಿನ ಗಂಡಸೊಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಬಿದ್ದವನ ಮೈಮೇಲೆ ಕೆಂಪು ಕೋಟು, ತಲೆಗೆ ದುಂಡನೆ ಟೋಪಿ. ಕಣ್ಣು ತೆರೆದೇ ಇದೆ. ಮುಖದಲ್ಲಿ ನೋವಿಗಿಂತ ಪೆಚ್ಚುತನ ಹೆಚ್ಚು.

ಬೊಂಬೆಯ ನಿಜವಾದ ಚಮತ್ಕಾರ ಹೊಟ್ಟೆಯೊಳಗಿದೆ. ಹುಲಿಯ ಹೆಗಲ ಹತ್ತಿರದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರೆಳೆದು ಬಿಡುತ್ತವೆ. ಮನುಷ್ಯನ ಎಡಗೈ ಮೇಲೆದ್ದು ಬೀಳುತ್ತದೆ, ಅವನ ಗಂಟಲಿನಿಂದ ನರಳುವ ಸದ್ದು ಹೊರಡುತ್ತದೆ. ಅದಕ್ಕೆ ಹೊಂದಿಸಿದ ಇನ್ನೊಂದು ಏರ್ಪಾಟು ಹುಲಿಗೆ ಗುರುಗುಟ್ಟಲು ಹೇಳಿಕೊಡುತ್ತದೆ. ಸಾಲದ್ದಕ್ಕೆ ಹುಲಿಯ ಪಕ್ಕೆಯಲ್ಲಿ ಒಂದು ಪುಟ್ಟ ಬಾಗಿಲು. ಅದನ್ನು ತೆರೆದರೆ 18 ಸ್ವರಗಳ ಆರ್ಗನ್ನಿನ ಮನೆಗಳು ಸಾಲಾಗಿ ಕಾಣುತ್ತವೆ. ಅಂದರೆ ಹುಲಿ ತಿನ್ನುತ್ತಿರುವಾಗ ಪಕ್ಕದಲ್ಲಿ ಕೂತವನು ಹಾರ್ಮೋನಿಯಂ ನುಡಿಸಿದಂತೆ ರಾಗ ನುಡಿಸಬಹುದು. ಇಂಥ ತಮಾಷೆ ಯಾರ ತಲೆಗೆ ಹೊಳೆಯಿತೋ, ಅವನ ಕೈಗೆ ಕೆಲಸ ಕೊಟ್ಟ ಸುಲ್ತಾನನಿಗೂ ಹಾಸ್ಯಪ್ರಜ್ಞೆ ಇದ್ದಿರಲೇಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಲೂಟಿಯನ್ನು ಲೆಕ್ಕ ಹಾಕಿ ಹಂಚಿಕೊಳ್ಳಲೆಂದೇ ಅಧಿಕಾರಿಗಳ ಸಮಿತಿಯೊಂದು ಇತ್ತು. ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಅದರ ಚಿನ್ನದ ಹುಲಿಮುಖ ಈಗ ಲಂಡನ್ನಿಗೆ ಹತ್ತಿರದ ವಿಂಡ್ಸರ್ ಕೋಟೆಯಲ್ಲಿದೆ. ಮರದ ಹುಲಿ ಹಡಗು ಹತ್ತಿ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಗೆ ಬಂತು. 1808ರಿಂದ ಅಲ್ಲಿ ಸಾರ್ವಜನಿಕರ ನೋಟಕ್ಕೆ ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ಗರ್ಜನೆ ಕೇಳುವವರೇ. ಪಕ್ಕದ ಗ್ರಂಥಾಲಯದಲ್ಲಿ ಕೂತು ಓದುವ ಪಂಡಿತರಿಗೆ ಈ ಗಲಾಟೆ ತಲೆನೋವಾಗಿತ್ತಂತೆ. ಕೊನೆಗೆ ಹಿಡಿಯೇ ಎಲ್ಲೋ ಮಾಯವಾಯಿತು. 1880ರಲ್ಲಿ ಹುಲಿ ಈಗಿನ ಮ್ಯೂಸಿಯಮ್ಮಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಚಾವಣಿ ಕುಸಿದು ನೂರಾರು ಚೂರಾದದ್ದನ್ನು ಜೋಡಿಸಿ, 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಹಿಂದೂಸ್ತಾನ ಸ್ವತಂತ್ರವಾದ ವರ್ಷವೇ ಅದು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಮುಟ್ಟುವಂತಿಲ್ಲ. ಗ್ಯಾಲರಿಗಳ ದುರಸ್ತಿ, ಸ್ಥಳಾಂತರ ಆಗಾಗ ನಡೆಯುವುದರಿಂದ ಹೊರಡುವ ಮೊದಲು ಹುಲಿ ಯಾವ ಕೋಣೆಯಲ್ಲಿದೆ ಎಂದು ಮ್ಯೂಸಿಯಮ್ಮಿನ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಜಗಳ ಮುಗಿಯುವಂಥದ್ದಲ್ಲ. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅದರ ಗೊಡವೆಯಿಲ್ಲ; ಅವರಿಗೆ ಬೇಕಾದದ್ದು ಹುಲಿ ಕೂಗುತ್ತದೋ ಇಲ್ಲವೋ ಎಂಬುದಷ್ಟೇ.

ಮ್ಯೂಸಿಯಂನಿಂದ ಎಕ್ಸಿಬಿಷನ್ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ಹೈಡ್ ಪಾರ್ಕಿನ ಅಂಚಿಗೆ ಕೆಂಪು ಇಟ್ಟಿಗೆಯ ಗುಂಡಗಿನ ದೊಡ್ಡ ಕಟ್ಟಡ ಸಿಗುತ್ತದೆ. 1871ರಲ್ಲಿ ತೆರೆದ ರಾಯಲ್ ಆಲ್ಬರ್ಟ್ ಹಾಲ್ ಅದು. ಐದು ಸಾವಿರಕ್ಕೂ ಹೆಚ್ಚು ಮಂದಿ ಕೂರುವ ಸಂಗೀತ ಭವನ. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಇದರ ಮುಂದೆ ಒಂದು ಗಳಿಗೆ ನಿಲ್ಲಬೇಕು. ಯಾಕೆಂದರೆ 1950ರ ಮೇ 22ರ ರಾತ್ರಿ ಇಲ್ಲಿ ನಡೆದ ಒಂದು ಕಛೇರಿಯ ಹಿಂದೆ ಮೈಸೂರಿನ ಹಣವಿತ್ತು.

ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಸಾಯುವ ಹಿಂದಿನ ವರ್ಷ ಬರೆದ ನಾಲ್ಕು ಹಾಡುಗಳು ಇನ್ನೂ ವೇದಿಕೆಯ ಮೇಲೆ ಕೇಳಿಬಂದಿರಲಿಲ್ಲ. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕು, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಿರ್ದೇಶಿಸಬೇಕು, ಫಿಲ್‌ಹಾರ್ಮೋನಿಯಾ ವಾದ್ಯವೃಂದ ನುಡಿಸಬೇಕು ಎಂದು ನಿರ್ಧಾರವಾಯಿತು. ಖರ್ಚಿಗೆ ಖಾತರಿ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ಅವತ್ತು ಅವರು ಲಂಡನ್ನಿಗೆ ಹೋಗಲಾಗಲಿಲ್ಲ. ಹಾಡಿನ ಧ್ವನಿಮುದ್ರಣವನ್ನು ಮೈಸೂರಿಗೆ ತರಿಸಿಕೊಂಡು ಕೇಳಿದರು. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದ ದೊರೆಗೆ ಪಿಯಾನೊ ಮೇಲೂ ಅಷ್ಟೇ ಪ್ರೀತಿ. ಲಂಡನ್ನಿನಲ್ಲಿ ಬಡತನದಲ್ಲಿ ದಿನ ದೂಡುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗೆ ಹಾಕಿಸಿದವರೂ ಅವರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ರಾಜ್ಯ ಕೈಬಿಟ್ಟು ಹೋಗುತ್ತಿದ್ದ ದಿನಗಳಲ್ಲಿ ಒಬ್ಬ ಅರಸು ಮಾಡಿದ ಕೆಲಸ ಇದು. ಆಲ್ಬರ್ಟ್ ಹಾಲಿಗೆ ಕರೆದೊಯ್ಯುವ ಪ್ರವಾಸಿ ಮಾರ್ಗದರ್ಶಿಗಳಿಗೆ ಮಾತ್ರ ಇದರ ಸುದ್ದಿಯೇ ಇರುವುದಿಲ್ಲ. ಬೇಸಗೆಯಲ್ಲಿ ಹೋದವರು ‘ಪ್ರಾಮ್ಸ್’ ಸಂಗೀತೋತ್ಸವದಲ್ಲಿ ನಿಂತು ಕೇಳುವ ಅಗ್ಗದ ಟಿಕೆಟ್ ಪಡೆದು ಒಳಗೆ ಹೋಗಬಹುದು.

ಅಲ್ಲಿಂದ ದೂರವಲ್ಲದ ಬ್ರಾಂಪ್ಟನ್ ಸ್ಮಶಾನಕ್ಕೆ ಹೋಗೋಣವೆಂದರೆ ಹಿರಿಯರು ಹುಬ್ಬೇರಿಸಬಹುದು. ಪ್ರವಾಸಕ್ಕೆ ಬಂದು ಸ್ಮಶಾನವೇ? ಲಂಡನ್ನಿನಲ್ಲಿ ಹಳೆಯ ಸ್ಮಶಾನಗಳು ಮರ, ಹಕ್ಕಿ, ಕಲ್ಬೆಂಚುಗಳ ಉದ್ಯಾನಗಳಂತಿವೆ. ಜನ ಊಟದ ಡಬ್ಬಿ ಹಿಡಿದು ಬಂದು ಕೂರುತ್ತಾರೆ. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಎಮಲಿನ್ ಪ್ಯಾಂಕ್‌ಹರ್ಸ್ಟ್ ಸಮಾಧಿ ಇರುವುದು ಬ್ರಾಂಪ್ಟನ್ನಿನಲ್ಲಿ. ಕೊಡಗಿನ ರಾಜಕುಮಾರಿ ಗೌರಮ್ಮನನ್ನು ಮಣ್ಣು ಮಾಡಿದ್ದೂ ಇಲ್ಲೇ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಈ ಮನೆತನ ಗೊತ್ತು. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ಪದಚ್ಯುತ ಅರಸನನ್ನು ಕಾಶಿಯಲ್ಲಿ ಇರಿಸಿತು. ಕಂಪನಿಯ ಬಳಿ ಇದ್ದ ತನ್ನ ಮನೆತನದ ಹಣಕ್ಕಾಗಿ ಇಂಗ್ಲೆಂಡಿನ ನ್ಯಾಯಾಲಯದಲ್ಲೇ ದಾವೆ ಹೂಡುತ್ತೇನೆಂದು ಆತ 1852ರಲ್ಲಿ ಹಡಗು ಹತ್ತಿದ. ಜೊತೆಗೆ ಹನ್ನೊಂದು ವರ್ಷದ ಮುದ್ದಿನ ಮಗಳು. ಆ ವರ್ಷವೇ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ದೀಕ್ಷಾ ಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ಮಗು ವಿಕ್ಟೋರಿಯಾ ಗೌರಮ್ಮ ಆಯಿತು. ರಾಣಿಯ ಆಸ್ಥಾನ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಇವಳನ್ನು ಕೊಟ್ಟು ಮದುವೆ ಮಾಡಬೇಕೆಂದು ರಾಣಿಗೆ ಆಸೆ ಇತ್ತು. ಇಬ್ಬರಿಗೂ ಮನಸ್ಸಾಗಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾದಳು, ಒಂದು ಹೆಣ್ಣು ಮಗುವಾಯಿತು, 1864ರಲ್ಲಿ ತೀರಿಕೊಂಡಳು. ತುಂಬು ಇಪ್ಪತ್ತಮೂರು ವರ್ಷವೂ ಬಾಳಿಲ್ಲ ಎನ್ನಬೇಕು.

ಅಪ್ಪ ಮೊದಲೇ, 1859ರಲ್ಲಿ, ಸತ್ತಿದ್ದ. ದಾವೆಯಿಂದ ಕೈಗೆ ಬಂದದ್ದು ಏನೂ ಇಲ್ಲ. ಅವನ ಸಮಾಧಿ ನಗರದ ವಾಯವ್ಯ ದಿಕ್ಕಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ಮಡಿಕೇರಿ ಬಿಟ್ಟ ಲಿಂಗಾಯತ ದೊರೆ ಎಲ್ಲಿ ಬಂದು ಮಣ್ಣಾದ ನೋಡಿ. ಅದೇ ಸ್ಮಶಾನದಲ್ಲಿ ಕಂಪ್ಯೂಟರಿನ ಮೂಲಪುರುಷ ಎನಿಸಿದ ಚಾರ್ಲ್ಸ್ ಬ್ಯಾಬೇಜ್ ಇದ್ದಾರೆ. ನಮ್ಮ ಸಾಫ್ಟ್‌ವೇರ್ ಹುಡುಗರು ಒಂದು ನಮಸ್ಕಾರ ಹಾಕಿ ಬರಬಹುದು. ಕಾದಂಬರಿಕಾರ ಥ್ಯಾಕರೆಯೂ ಅಲ್ಲಿಯೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಪಡೆಯ ಕೈಯಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆ ಇದ್ದಾನಲ್ಲ, ಅವನು ಈ ಕಾದಂಬರಿಕಾರನ ಚಿಕ್ಕಪ್ಪ.

ಕಿತ್ತೂರಿನ ಎಳೆ ಬ್ರಿಟಿಷ್ ಮ್ಯೂಸಿಯಂವರೆಗೂ ಹೋಗುತ್ತದೆ. ಅವತ್ತಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಚೆನ್ನಮ್ಮ ಅವರನ್ನು ಕೊಲ್ಲಿಸಲಿಲ್ಲ. ಬಿಡುಗಡೆಯಾದ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ; 1845ರಲ್ಲಿ ಕೃಷ್ಣಾ ದಂಡೆಯ ಅಮರಾವತಿಯಲ್ಲಿ ಅಗೆಸಿ ಸ್ತೂಪದ ಶಿಲ್ಪಗಳನ್ನು ಹೊರತೆಗೆಸಿದ. ಆ ಬೆಳ್ಳನೆಯ ಸುಣ್ಣಕಲ್ಲಿನ ಫಲಕಗಳು 1859ರಲ್ಲಿ ಲಂಡನ್ನಿಗೆ ಹೋದವು. ಬ್ರಿಟಿಷ್ ಮ್ಯೂಸಿಯಮ್ಮಿನ ಏಷ್ಯಾ ವಿಭಾಗದಲ್ಲಿ ಅವಕ್ಕೆಂದೇ ಒಂದು ಕೋಣೆಯಿದೆ. ಮಂದಿಯೆಲ್ಲ ಈಜಿಪ್ಟಿನ ರೊಸೆಟ್ಟಾ ಶಿಲೆಯ ಸುತ್ತ ಜಾತ್ರೆ ನೆರೆದಿರುತ್ತಾರೆ. ಅಮರಾವತಿ ಕೋಣೆಯಲ್ಲಿ ನಿಧಾನವಾಗಿ ನೋಡಲು ಸಾಕಷ್ಟು ಜಾಗ ಸಿಗುತ್ತದೆ. ಸನ್ನತಿಯ ಶಿಲ್ಪಗಳನ್ನು ಕಂಡವರಿಗೆ ಅದೇ ಕೈಗಳ ನಂಟು ಇಲ್ಲೂ ಕಾಣುತ್ತದೆ.

ಬೆಲೆಬಾಳುವ ಕಲ್ಲುಗಳ ಬಗ್ಗೆ ಒಲವಿರುವವರು ಥೇಮ್ಸ್ ದಂಡೆಯ ‘ಟವರ್ ಆಫ್ ಲಂಡನ್’ ಕೋಟೆಗೆ ಹೋಗಲೇಬೇಕು ಎನ್ನುತ್ತಾರೆ. ಟಿಕೆಟ್ ದುಬಾರಿ, ಸಾಲು ಉದ್ದ. ಕೊಹಿನೂರ್ ಇರುವುದು ಅಲ್ಲಿ, ರಾಜಮಾತೆ ಎಲಿಜಬೆತ್‌ಳ 1937ರ ಕಿರೀಟದಲ್ಲಿ. ತೂಕ 105.6 ಕ್ಯಾರೆಟ್. ಅದು ಕೃಷ್ಣಾ ದಂಡೆಯ ಕೊಲ್ಲೂರಿನ ಗಣಿಯದು ಎಂಬ ನಂಬಿಕೆ ಬಲವಾಗಿದೆ. ಬಳ್ಳಾರಿಯವರಿಗೆ ವಜ್ರವೇನೂ ಪರಕೀಯವಲ್ಲ. ಗುಂತಕಲ್ಲಿನ ಹತ್ತಿರದ ವಜ್ರಕರೂರು 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಆ ಸೀಮೆಯ ಹೊಲಗಳಲ್ಲಿ ಜನ ಇಂದಿಗೂ ತಲೆ ಬಗ್ಗಿಸಿ ಹೊಳೆಯುವ ಕಲ್ಲು ಹುಡುಕುತ್ತಾರೆ. ಟವರಿನಲ್ಲಿ ಕಿರೀಟದ ಮುಂದೆ ನಿಲ್ಲಲು ಬಿಡುವುದಿಲ್ಲ, ಚಲಿಸುವ ಪಟ್ಟಿಯೊಂದು ನೋಡುವವರನ್ನು ದಾಟಿಸಿಬಿಡುತ್ತದೆ. ಅಷ್ಟು ಹಣಕ್ಕೆ ಅಷ್ಟೇ ದರ್ಶನ.

ಸೇಂಟ್ ಪಾಲ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ವೆಲಿಂಗ್ಟನ್ನನ ಭಾರಿ ಕಲ್ಲಿನ ಗೋರಿಯಿದೆ. ನೆಪೋಲಿಯನ್ನನನ್ನು ವಾಟರ್ಲೂನಲ್ಲಿ ಸೋಲಿಸಿದವನೆಂದು ಗೈಡ್ ಹೇಳುತ್ತಾನೆ. ಬರೀ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ ಆತ 1800ರಲ್ಲಿ ಕಂಪನಿಯ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನ ಬೆನ್ನುಹತ್ತಿ ತುಂಗಭದ್ರೆಯ ಎರಡೂ ದಂಡೆ ಅಲೆದಿದ್ದ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯಲ್ಲಿ ಧೋಂಡಿಯಾ ಸತ್ತ. ಮರು ತಿಂಗಳೇ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದ. ಬಳ್ಳಾರಿಯ ಕಂದಾಯ ದಫ್ತರುಗಳ ಚರಿತ್ರೆ ಶುರುವಾಗುವುದು ಅಲ್ಲಿಂದಲೇ.

ಅದೇ ಕಾಲದಲ್ಲಿ ಇನ್ನೊಬ್ಬ ದಂಡಿನ ಅಧಿಕಾರಿ, ಕಾಲಿನ್ ಮೆಕೆಂಜಿ, ಹಂಪಿಯ ಅವಶೇಷಗಳನ್ನು ಅಳತೆ ಮಾಡಿ ನಕ್ಷೆ ಬರೆಸಿದ. ಯುದ್ಧಕ್ಕೆ ಬಂದವನಿಗೆ ಹಸ್ತಪ್ರತಿಗಳ ಹುಚ್ಚು ಹಿಡಿದಿತ್ತು. ಊರೂರಿನ ಕೈಫಿಯತ್ತು, ಶಾಸನ, ತಾಳೆಗರಿ ಎಲ್ಲವನ್ನೂ ಕೂಡಿಹಾಕಿಸಿದ. ಸಂಗ್ರಹದಲ್ಲಿ ಬಹುಪಾಲು ಹಸ್ತಪ್ರತಿಗಳು ಚೆನ್ನೈಯಲ್ಲಿ ಉಳಿದವು. ಚಿತ್ರ, ನಕ್ಷೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಸೇರಿದವು. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಮೆಕೆಂಜಿಯ ತೈಲಚಿತ್ರವೂ ಆ ಲೈಬ್ರರಿಯದೇ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ದೇಶೀ ಸಹಾಯಕರು ನಿಂತಿದ್ದಾರೆ, ಒಬ್ಬರ ಕೈಯಲ್ಲಿ ತಾಳೆಗರಿ, ಹಿಂದೆ ದೂರದಲ್ಲಿ ಗೊಮ್ಮಟ. ಚಿತ್ರದ ಹೆಸರಿನಲ್ಲಿ ಮೆಕೆಂಜಿ ಒಬ್ಬನೇ ಇದ್ದಾನೆ. ಓದಿ, ಅರ್ಥ ಹೇಳಿ, ಬರೆದುಕೊಟ್ಟವರು ಮಾತ್ರ ನಮ್ಮ ಪಂಡಿತರು. ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಈ ಲೈಬ್ರರಿಯಲ್ಲಿ ಪ್ರದರ್ಶನ ಕೋಣೆಗೆ ಯಾರು ಬೇಕಾದರೂ ಹೋಗಬಹುದು. ಹಳೆಯ ಚಿತ್ರ, ಕಾಗದಗಳನ್ನು ಕೈಗೆತ್ತಿಕೊಂಡು ನೋಡಬೇಕಾದರೆ ಗುರುತಿನ ಚೀಟಿ, ವಿಳಾಸದ ಪುರಾವೆ ಕೊಟ್ಟು ಓದುಗರ ಪಾಸು ಮಾಡಿಸಬೇಕು.

ಹಳೆಯ ಗಾಯಗಳೇ ಆದವು. ಕನ್ನಡಿಗರು ತಾವಾಗಿಯೇ ಹೋಗಿ ಇಟ್ಟ ಗುರುತೂ ಲಂಡನ್ನಿನಲ್ಲಿ ಒಂದಿದೆ. ಥೇಮ್ಸ್ ನದಿಯ ದಕ್ಷಿಣ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರ ಪುತ್ಥಳಿ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್ ಹಟ ಹಿಡಿದು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಕುರುಗೋಡಿನ ಕಡೆಯವರಿಗೆ ದೊಡ್ಡ ಬಸವೇಶ್ವರ ಎಂದರೆ ಗುಡಿಯಲ್ಲಿ ಕೂತ ಏಕಶಿಲೆಯ ಭಾರಿ ನಂದಿ. ಇಲ್ಲಿರುವುದು ಕಲ್ಯಾಣದ ಬಸವಣ್ಣ. ಲ್ಯಾಂಬೆತ್ ಸೇತುವೆಯ ಕಡೆಗೆ ನದಿಯ ಪಕ್ಕ ನಡೆಯುತ್ತ ಹೋದರೆ ಆಚೆ ದಂಡೆಯಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಗೋಪುರಗಳು ಎದ್ದುನಿಲ್ಲುತ್ತವೆ. ಬಸವ ಜಯಂತಿಗೆ ಇಲ್ಲಿ ಹೂಮಾಲೆ ಬೀಳುತ್ತದೆ, ಇಳಕಲ್ ಸೀರೆಗಳು ಕಾಣಸಿಗುತ್ತವೆ. ದಂಡೆಯ ಈ ಕಲ್ಲುಗೋಡೆ ಕಟ್ಟಿಸಿದ್ದು ಬಾಜಲ್‌ಗೆಟ್ ಎಂಬ ಇಂಜಿನಿಯರು. 1858ರ ಬೇಸಗೆಯಲ್ಲಿ ಕೊಳಕು ನದಿಯ ನಾತಕ್ಕೆ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡ ಮೇಲೆ ಲಂಡನ್ನಿಗೆ ಒಳಚರಂಡಿ ಹಾಕಿದವನೂ ಅವನೇ.

ನಾಟಕದ ಊರು ಎಂದು ಹೆಸರಾದ ಬಳ್ಳಾರಿಯವರು ಕೊನೆಗೆ ಗ್ಲೋಬ್ ರಂಗಮಂದಿರಕ್ಕೆ ಹೋಗದೆ ಬರಬಾರದು. ನಟ ಬಳ್ಳಾರಿ ರಾಘವ ಇಂಗ್ಲೆಂಡಿಗೆ ಹೋಗಿ ಅಲ್ಲಿನ ರಂಗಭೂಮಿಯನ್ನು ಕಂಡು ಬಂದದ್ದು, ಬರ್ನಾರ್ಡ್ ಷಾ ಅವರನ್ನು ಭೇಟಿಯಾದದ್ದು ರಾಘವ ಕಲಾಮಂದಿರದ ಸುತ್ತಮುತ್ತ ಈಗಲೂ ಮನೆಮಾತು. ಆದರೆ ಅವರ ಕಾಲಕ್ಕೆ ಈ ಗ್ಲೋಬ್ ಇರಲಿಲ್ಲ. ಷೇಕ್ಸ್‌ಪಿಯರನ ಕಾಲದ ರಂಗಮಂದಿರದ ಮಾದರಿಯಲ್ಲಿ, ಓಕ್ ಮರ ಮತ್ತು ಹುಲ್ಲಿನ ಚಾವಣಿ ಹಾಕಿ, ಮೂಲ ಜಾಗಕ್ಕೆ ಹತ್ತಿರದಲ್ಲೇ ಕಟ್ಟಿ 1997ರಲ್ಲಿ ತೆರೆದದ್ದು ಇದು. ನಡುವಿನ ಅಂಗಳಕ್ಕೆ ಚಾವಣಿಯಿಲ್ಲ. ಅಲ್ಲಿ ನಿಂತು ನೋಡುವವರಿಗೆ ಟಿಕೆಟ್ ಅಗ್ಗ. ಮಳೆ ಬಂದರೆ ನೆನೆಯಬೇಕು, ಕೊಡೆ ಬಿಚ್ಚುವಂತಿಲ್ಲ. ರಾತ್ರಿಯಿಡೀ ಬಯಲಾಟ ನೋಡಿದ ಕಾಲುಗಳಿಗೆ ಮೂರು ತಾಸು ಏನು ಮಹಾ! ನಟರು ಜನರ ನಡುವೆಯೇ ನುಗ್ಗಿಕೊಂಡು ರಂಗಕ್ಕೆ ಹೋಗುತ್ತಾರೆ.

2012ರಲ್ಲಿ ಈ ರಂಗದ ಮೇಲೆ ಷೇಕ್ಸ್‌ಪಿಯರನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿದರು. ಹಿಂದಿ ಇತ್ತು, ಗುಜರಾತಿ ಇತ್ತು, ಢಾಕಾದಿಂದ ಬಂದ ಬಂಗಾಳಿ ಇತ್ತು, ಉರ್ದು ಇತ್ತು. ಕನ್ನಡ ಇರಲಿಲ್ಲ. ಷೇಕ್ಸ್‌ಪಿಯರನನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತನ್ನದಾಗಿಸಿಕೊಂಡು ಆಡಿದ ಕನ್ನಡಕ್ಕೆ ಕರೆ ಹೋಗಬೇಕಿತ್ತು ಎಂದು ನಮ್ಮ ರಂಗಭೂಮಿಯವರು ಗೊಣಗಿದರೆ ತಪ್ಪೇನಿಲ್ಲ. ಅಂಗಳದ ಆಟ ಮೇ ತಿಂಗಳಿನ ಆಸುಪಾಸಿನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಜೂನಿನಲ್ಲಾದರೆ ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ, ಸ್ವೆಟರ್ ಮಾತ್ರ ಚೀಲದಲ್ಲಿ ಇರಲಿ. ಡಿಸೆಂಬರಿನಲ್ಲಿ ಹೋದರೆ ನಾಲ್ಕಕ್ಕೇ ಕತ್ತಲು. ಆಗ ಮ್ಯೂಸಿಯಮ್ಮುಗಳನ್ನು ಆಮೇಲಕ್ಕೆ ಇಟ್ಟುಕೊಂಡು ಸ್ಮಶಾನ, ನದಿದಂಡೆಗಳನ್ನು ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಬೇಕು.